ಬಿಡಿ ಹಾಳೆಯ ಅರ್ಜಿ

ನಮ್ಮ ಬೈಂಡಿಂಗ್ ಅಂಗಡಿಯ ಕಟಿಂಗ್ ಮೆಷಿನ್ನಿಗೆ ಒಂದು ಉದ್ದನೆಯ ಹಿಡಿ ಇದೆ. ಪುಸ್ತಕದ ಅಂಚು ಸಮಮಾಡಬೇಕಾದರೆ ಆ ಹಿಡಿಯನ್ನು ಮೇಲಿನಿಂದ ಕೆಳಗೆ ಒಂದೇ ಉಸಿರಿಗೆ ಎಳೆಯಬೇಕು. ನಡುವೆ ತಡೆದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಎಳೆಯುತ್ತಿದ್ದವರು ನನ್ನ ಗಂಡ. ಹನ್ನೊಂದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವರು ಬಸ್ಸಿನಲ್ಲಿ ಕೂತಲ್ಲೇ ಹೋದರು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಎಬ್ಬಿಸಲು ಹೋದಾಗಲೇ ಗೊತ್ತಾದದ್ದು. ಆಮೇಲೆ ಮಾವ ಎಳೆದು ನೋಡಿದರು. ಎಪ್ಪತ್ತೊಂದರ ಭುಜ, ಅರ್ಧಕ್ಕೆ ನಿಂತಿತು. ನಾನು ಜೋತುಬಿದ್ದೆ. ನನ್ನ ಕಾಲು ನೆಲ ಬಿಟ್ಟಿತೇ ಹೊರತು ಹಿಡಿ ಕೆಳಗಿಳಿಯಲಿಲ್ಲ.

ಅಂದಿನಿಂದ ಹೊಲಿದು ಅಂಟು ಹಚ್ಚಿದ ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಊರಿನ ಆಚೆ ತುದಿಯ ಮುದ್ರಣಾಲಯಕ್ಕೆ ಹೊತ್ತು, ಅಲ್ಲಿಯವರ ಬಿಡುವು ಕಾದು ಕತ್ತರಿಸಿಕೊಂಡು ಬರುತ್ತಿದ್ದೆವು. ವಾರದ ಕೆಲಸ ತಿಂಗಳಾಗುತ್ತಿತ್ತು. ನಮಗಿದ್ದ ಒಂದೇ ದೊಡ್ಡ ಗಿರಾಕಿ ಗ್ರಂಥಾಲಯ. ಗ್ರಂಥಪಾಲಕರು ಒಳ್ಳೆಯವರು, ಆದ್ದರಿಂದ ಅವರು ಹೇಳಿದ್ದು ಬೆದರಿಕೆಯಾಗಿರಲಿಲ್ಲ. "ವರ್ಷದ ಕೊನೆತನಕ ತಡೀತೀನಮ್ಮ. ಆಮೇಲೆ ಬೇರೆಯವರಿಗೆ ಕೊಡಲೇಬೇಕಾಗುತ್ತೆ. ಮೇಲಿನವರು ನನ್ನ ಕೇಳ್ತಾರೆ" ಎಂದರು.

ಕರೆಂಟಿನ ಕಟಿಂಗ್ ಮೆಷಿನ್ ಬಂದರೆ ಅಂಗಡಿ ಉಳಿಯುತ್ತದೆ, ಬರದಿದ್ದರೆ ಮುಚ್ಚುತ್ತದೆ. ಮುಚ್ಚಿದರೆ ಮಾವ ಮಗಳ ಮನೆಗೆ, ನಾನು ಅಣ್ಣನ ಮನೆಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಂಗಡಿಯೇ ಮುಂದಿನ ಕೋಣೆ, ಮನೆ ಹಿಂದಿನ ಎರಡು ಕೋಣೆ. ಒಂದಿಲ್ಲದೆ ಇನ್ನೊಂದರ ಬಾಡಿಗೆಗೆ ಅರ್ಥವಿರಲಿಲ್ಲ.

ಸಹಾಯಧನದ ಮಾತೆತ್ತಿದವನು ಕಾಗದದ ವ್ಯಾಪಾರಿ. "ಸಾಲ ಅಲ್ಲಮ್ಮ, ವಾಪಸ್ ಕೊಡೋದು ಬೇಡ. ಎಷ್ಟೋ ಇವೆ, ಹುಡುಕೋರಿಲ್ಲ ಅಷ್ಟೇ" ಎಂದು ಹೇಳಿ ಹೋದ. ಇದ್ದವು, ನಿಜ. ಒಂದೊಂದಕ್ಕೂ ಒಂದೊಂದು ಬಾಗಿಲು, ಒಂದೊಂದು ಬಾಗಿಲಿಗೂ ಒಂದೊಂದು ಚಿಲಕ. ಆ ಭಾನುವಾರ ನಾದಿನಿ ಬಂದರು. ನನ್ನ ಗಂಡನ ಅಕ್ಕ ಅವರು, ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ನೋಂದಾಯಿಸುವ ಕೆಲಸ. ಅರ್ಜಿ ನಮೂನೆಗಳೆಂದರೆ ನನಗೆ ಸೂಜಿದಾರ ಇದ್ದ ಹಾಗೆ ಅವರಿಗೆ. ಕಾಲು ಚಾಚಿ ಕೂತು ಫೋನಿನಲ್ಲಿ ಹುಡುಕುತ್ತ ಹೋದರು.

"ಇದು ಹೆಂಗಸರಿಗೆ ಕಣೇ, ನಿನಗೆ ಹೇಳಿ ಮಾಡಿಸಿದ ಹಾಗಿದೆ. ಅಯ್ಯೋ, ಬೇಡ. ಶುರು ಮಾಡಿ ಎರಡು ವರ್ಷ ದಾಟಿರಬಾರದಂತೆ. ನಮ್ಮದೆಷ್ಟಾಯ್ತಪ್ಪಾ?"

"ನಲವತ್ತಾರು." ಮಾವ ಸೂಜಿಯಿಂದ ಕಣ್ಣೆತ್ತಲಿಲ್ಲ.

"ಇದು ಹೊಸ ಆವಿಷ್ಕಾರಕ್ಕೆ. ಇತ್ತೀಚೆಗೆ ನೀವು ಏನು ಕಂಡುಹಿಡಿದಿದ್ದೀರಿ ಅಂತ ಕೇಳಿದ್ದಾರೆ."

"ಕನ್ನಡಕ ಎಲ್ಲಿಟ್ಟಿದ್ದೆ ಅಂತ ಬೆಳಿಗ್ಗೆ ಕಂಡುಹಿಡಿದೆ. ಬರ್ಕೋ."

"ತಮಾಷೆ ಬೇಡಪ್ಪ. ಇದು ಕಲಾವಿದರಿಗಂತೆ. ಎಷ್ಟು ಪ್ರದರ್ಶನ ಮಾಡಿದ್ದೀರಿ ಅಂತ ಹೇಳಬೇಕು."

"ಅವರು ಹೊಟ್ಟೆಗೇನು ಮಾಡ್ತಾರೆ?"

"ಇಂಥ ಅರ್ಜಿ ಹಾಕ್ತಾರೆ."

ಮಾವ ನಕ್ಕರು. ನಾನೂ ನಗಬೇಕಾದ ಜಾಗ ಅದು ಎಂದು ಗೊತ್ತಾಗಿ ತುಟಿ ಅಗಲಿಸಿದೆ.

ಐದನೆಯದು ನಮಗೆ ಹೊಂದಿತು. ಮೂವರಿಗಿಂತ ಹೆಚ್ಚು ಕೆಲಸಗಾರರಿಲ್ಲದ ಹಳೆಯ ಕಸುಬಿನ ಅಂಗಡಿಗಳಿಗೆ ಯಂತ್ರ ಕೊಳ್ಳಲು ಸಹಾಯಧನ. ಷರತ್ತುಗಳು ಇಪ್ಪತ್ತೆರಡು. ಮಂಜೂರಾತಿಗೆ ಮೊದಲು ಯಂತ್ರ ಕೊಂಡಿರಬಾರದು. ಮೂರು ಕಡೆಯ ಕೊಟೇಶನ್ ಬೇಕು. ಐದು ವರ್ಷ ಇದೇ ವಿಳಾಸದಲ್ಲಿ ಕಸುಬು ನಡೆಸುತ್ತೇನೆ, ತಪ್ಪಿದರೆ ಯಂತ್ರ ಹಿಂದಿರುಗಿಸುತ್ತೇನೆ ಎಂದು ಮಾಲೀಕರು ಮುಚ್ಚಳಿಕೆ ಬರೆದುಕೊಡಬೇಕು. ಮಾಲೀಕರಿಗೆ ಅರವತ್ತೈದು ಮೀರಿರಬಾರದು.

ಅಲ್ಲಿಗೆ ಬಂದಾಗ ನಾದಿನಿ ಫೋನು ಕೆಳಗಿಟ್ಟರು.

"ಹಾಗಾದ್ರೆ ಅಂಗಡಿ ಇವಳ ಹೆಸರಿಗೆ ಆಗಬೇಕು."

"ಆಗಲಿ" ಎಂದರು ಮಾವ.

"ನೇರವಾಗೇ ಕೇಳ್ತೀನಿ ಕಣೇ, ಬೇಜಾರ್ ಮಾಡ್ಕೋಬೇಡ. ನಿನಗಿನ್ನೂ ಮೂವತ್ತನಾಲ್ಕು. ನಾಳೆ ನೀನು ಇನ್ನೊಂದು ಮದುವೆ ಆದ್ರೆ ಅಪ್ಪ ಈ ವಯಸ್ಸಲ್ಲಿ ಯಾರ ಹತ್ರ ಕೂಲಿಗಿರಬೇಕು?"

ನನಗೆ ಬೇಜಾರಾಗಲಿಲ್ಲ. ಬೇಜಾರಾಗಬೇಕಿತ್ತು ಎಂದು ತಿಳಿದು ಆ ಜಾಗವನ್ನು ಮುಟ್ಟಿ ನೋಡಿಕೊಂಡೆ. ಹಲ್ಲು ಕೀಳುವ ಮೊದಲು ಸೂಜಿ ಹಾಕಿಸಿಕೊಂಡ ದವಡೆಯ ಹಾಗಿತ್ತು. ಇದೆ, ಆದರೆ ನನ್ನದಲ್ಲ.

"ಇವಳ ಹತ್ರಾನೇ ಇರ್ತೀನಿ ಬಿಡು" ಎಂದರು ಮಾವ. "ನಿಮ್ಮಮ್ಮ ಇದ್ದಾಗ ನಾನೇನು ಯಜಮಾನ ಆಗಿದ್ನಾ?"

ನಾದಿನಿ ಮತ್ತೆ ಫೋನು ಎತ್ತಿಕೊಂಡರು. ಸಿಟ್ಟು ಮಾಡಿಕೊಂಡಂತೆ ಕಂಡರೂ ಅಂಗಡಿಯ ಪರವಾನಗಿ ನನ್ನ ಹೆಸರಿಗೆ ಆಗಲು ಯಾವ ಕಚೇರಿಗೆ, ಯಾವ ಹೊತ್ತಿಗೆ ಹೋಗಬೇಕೆಂದು ಬರೆದುಕೊಟ್ಟು ಹೋದವರೂ ಅವರೇ.

ಮೂರು ವಾರ ಅರ್ಜಿ ಬರೆದೆ. ಬೆಳಿಗ್ಗೆ ದೇವರಿಗೆ ಕೈಮುಗಿದು ಕೂತರೆ ಊಟದ ಹೊತ್ತಿನವರೆಗೆ. ಕೆಲಸ ಮಾಡುವವರ ಸಂಖ್ಯೆ ಎಂದಿತ್ತು, ಮೂರು ಎಂದು ಬರೆದೆ. ಅಳಿಸಿ ಎರಡು ಮಾಡಿದೆ. ರಬ್ಬರು ಹಳೆಯದಾಗಿ ಗಟ್ಟಿಯಾಗಿತ್ತು, ಕಾಗದ ಕೊಂಚ ಕಿತ್ತುಬಂತು, ಅದನ್ನಷ್ಟೇ ಗಮನಿಸಿದ್ದು ನೆನಪಿದೆ. ಈ ನೆರವು ಏಕೆ ಅಗತ್ಯ ಎಂಬುದಕ್ಕೆ ಒಂದಿಡೀ ಪುಟ ಬಿಟ್ಟಿದ್ದರು. 'ಹಿಡಿ ಎಳೆಯುತ್ತಿದ್ದವರು ಈಗಿಲ್ಲ' ಎಂದು ಬರೆದೆ.

ಮುಂದಿನ ಭಾನುವಾರ ನಾದಿನಿ ಅದನ್ನು ಓದಿ ತಲೆ ಚಚ್ಚಿಕೊಂಡರು. "ಇದೇನು ಟೆಲಿಗ್ರಾಮಾ? ಅಳು ಬರೋ ಹಾಗೆ ಬರೀಬೇಕು. ನೂರು ಅರ್ಜಿ ಬಂದಿರುತ್ತೆ, ನಿನ್ನದನ್ನೇ ಯಾಕೆ ನೋಡ್ತಾರೆ?"

"ನೀವೇ ಬರೀರಿ ಅಕ್ಕ."

ಅವರು ಪೆನ್ನು ತೆಗೆದುಕೊಂಡರು. 'ನನ್ನ ಪತಿ' ಎಂದು ಬರೆದರು, ಆಮೇಲೆ ಕಚ್ಚಿದ ತುಟಿ ಬಿಡಲಿಲ್ಲ. ಅವರ ತಮ್ಮ ಆತ. ಪೆನ್ನನ್ನು ನನ್ನ ಕಡೆ ತಳ್ಳಿ, "ನೀನು ಬರೆದಿದ್ದೇ ಇರಲಿ" ಎಂದು ಮುಖ ತೊಳೆಯಲು ಎದ್ದುಹೋದರು.

ಮಾವನ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ನಾನು ಈ ಮನೆಗೆ ಬಂದಾಗ ಅಂಗಡಿಯಲ್ಲಿ ಗಡಿಯಾರ ಇರಲಿಲ್ಲ. ಮಾವ ಪದ್ಯ ಹೇಳುತ್ತ ಕೆಲಸ ಮಾಡುವವರು. ಅಂಟು ಹದಕ್ಕೆ ಬರಲು ಮೂರು ಪದ್ಯ, ರಟ್ಟನ್ನು ಭಾರದ ಕೆಳಗೆ ಇಟ್ಟು ತೆಗೆಯಲು ಒಂದು ಅಧ್ಯಾಯ. ದೇವರ ಕಥೆಯೂ ಆಗುತ್ತಿತ್ತು, ಕೆಲಸದ ಹೊತ್ತೂ ಅಳೆದಾಗುತ್ತಿತ್ತು. ನಾನು ತಾತ ಹೇಳುತ್ತಿದ್ದ ಪದ್ಯ ಕೇಳಿ ಬೆಳೆದವಳು. ಹಾಡುವ ಕಂಠ ನನಗಿಲ್ಲ, ಕೇಳುವ ಕಿವಿ ಇದೆ. ಅದಕ್ಕೇ ಇದು ಹೊಸ ಮನೆಯೆನಿಸಿರಲಿಲ್ಲ. ಮಗ ಹೋದ ಮೇಲೆ ಮಾವ ಪದ್ಯ ನಿಲ್ಲಿಸಿದರು. ಒಂದು ಗಡಿಯಾರ ತಂದು ಮೊಳೆ ಹೊಡೆದು ನೇತುಹಾಕಿದರು. ಅದನ್ನು ನೋಡಿ ನೋಡಿ ಅಂಟು ಒಣಗಿಸುತ್ತಿದ್ದರು.

ಅರ್ಜಿಗೆ ಕೊನೆಯ ದಿನ ಮಧ್ಯಾಹ್ನ ನಾಲ್ಕರ ಗಡುವು. ಮೂರನೆಯ ಕೊಟೇಶನ್ ಬಾಕಿ ಇತ್ತು. ಮಿಕ್ಕ ನಲವತ್ತಾರು ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು, ಅವತ್ತು ಬೆಳಗಾಗುತ್ತಲೇ ಮೆಷಿನ್ ಮಾರುವವರ ಮಳಿಗೆಗೆ ಹೋದೆ. ಅವರು ಕಾಯಿಸಿದರು. ಹನ್ನೆರಡೂವರೆಗೆ ವಾಪಸಾಗಿ ಮೆಟ್ಟಿಲು ಹತ್ತುವಾಗ ಒಳಗಿನಿಂದ ಮಾವನ ದನಿ ಕೇಳಿತು. ಪದ್ಯ ಹೇಳುತ್ತಿದ್ದರು. ನಿಧಾನವಾಗಿ, ನಡುನಡುವೆ ಎಡವಿ, ಎಡವಿದ್ದನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡು. ನಾನು ಮೆಟ್ಟಿಲ ಮೇಲೇ ನಿಂತೆ. ಮುಗಿದ ಮೇಲೆ ಒಳಗೆ ಹೋದೆ.

ಅರ್ಜಿ ಮೇಜಿನ ಮೇಲಿತ್ತು. ಪುಸ್ತಕವಾಗಿತ್ತು. ಕಡುನೀಲಿ ಬಟ್ಟೆಯ ರಟ್ಟು, ಬೆನ್ನಿಗೆ ಚರ್ಮದ ಪಟ್ಟಿ, ಮೂಲೆಗಳಿಗೂ ಚರ್ಮ. ಹಾಳೆಗಳನ್ನು ಅಂಚಿನಲ್ಲಿ ಒತ್ತೊತ್ತಾಗಿ ಹೊಲಿದಿದ್ದರು. ಮೇಲೆ ಅಂಗಡಿಯ ಹೆಸರು, ಅದರ ಕೆಳಗೆ ನನ್ನ ಹೆಸರು, ಚಿನ್ನದ ಬಣ್ಣದಲ್ಲಿ.

"ಕೊಟೇಶನ್ ಕೊಡು" ಎಂದರು. "ಅದಕ್ಕೆ ಒಳಗೆ ಪಟ್ಟಿ ಬಿಟ್ಟಿದ್ದೀನಿ, ಅಂಟಿಸಿದರಾಯ್ತು. ಬಿಡಿ ಹಾಳೆ ಈ ಅಂಗಡಿಯಿಂದ ಯಾವತ್ತೂ ಹೊರಗೆ ಹೋಗಿಲ್ಲ."

ಹತ್ತೊಂಬತ್ತನೆಯ ಷರತ್ತು ಹೀಗಿತ್ತು: 'ಅರ್ಜಿಯನ್ನು ಬಿಡಿ ಹಾಳೆಗಳಲ್ಲಿ ಸಲ್ಲಿಸತಕ್ಕದ್ದು. ಪಿನ್ನು ಹೊಡೆಯುವುದಾಗಲಿ ಹೊಲಿಯುವುದಾಗಲಿ ಮಾಡತಕ್ಕದ್ದಲ್ಲ.' ನಾನು ಓದಿದ್ದೆ. ಆ ಕ್ಷಣದಲ್ಲಿ ನೆನಪೂ ಆಯಿತು. ಕೊಟೇಶನ್ ಹಾಳೆಯನ್ನು ಮಾವನ ಕೈಗೆ ಕೊಟ್ಟೆ.

ಕಚೇರಿಯಲ್ಲಿ ಸಾಲು ಉದ್ದವಿತ್ತು. ನಮ್ಮ ಮುಂದೆ ಮೇಣದಬತ್ತಿ ಮಾಡುವ ಹೆಂಗಸು, ಹಿಂದೆ ಕೊಡೆ ರಿಪೇರಿಯವನು. ಮಾವ ಒಗೆದ ಅಂಗಿ ತೊಟ್ಟು, ಅರ್ಜಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡಿದ್ದರು. ಕಿಟಕಿಯ ಬಳಿ ಬಂದಾಗ ಮೂರೂ ಹತ್ತು.

ಗುಮಾಸ್ತ ಬಟ್ಟೆ ಬಿಚ್ಚಿ ನೋಡಿದ. "ಏನಿದು ಯಜಮಾನ್ರೇ, ಗ್ರಂಥಾನಾ?"

"ಅರ್ಜಿ ಸ್ವಾಮಿ."

ಅವನು ಪುಟ ತಿರುಗಿಸಿದ. ಅವನಿಗೂ ಇಷ್ಟವಾಯಿತು, ಬೆನ್ನಿನ ಮೇಲೆ ಬೆರಳಾಡಿಸಿದ್ದು ಕಂಡೆ. ಆಮೇಲೆ ಪಕ್ಕದ ಸ್ಕ್ಯಾನರ್ ತೋರಿಸಿದ. "ಇದು ಒಂದೊಂದೇ ಹಾಳೆ ನುಂಗುತ್ತೆ, ಪುಸ್ತಕ ನುಂಗಲ್ಲ. ಬಿಚ್ಚಿ ಕೊಡಿ."

"ಬಿಚ್ಚೋ ಹಾಗೆ ಮಾಡಿಲ್ಲ ಸ್ವಾಮಿ. ನೂರು ವರ್ಷ ಬರುತ್ತೆ."

"ನನಗೆ ನಾಲ್ಕು ಗಂಟೆತನಕ ಬಂದ್ರೆ ಸಾಕು."

"ಜೆರಾಕ್ಸ್ ಮಾಡಿಸಿ ತರ್ತೀವಿ" ಎಂದೆ ನಾನು.

"ಮೂಲ ಸಹಿ ಬೇಕಮ್ಮ. ಹತ್ತೊಂಬತ್ತು ಓದಲಿಲ್ವಾ?"

ನಾನು ಬಿಚ್ಚಿದ ಬಟ್ಟೆಯನ್ನು ಮಡಚತೊಡಗಿದೆ. ಹಿಂದಿನಿಂದ ಕೊಡೆಯವನು ಇಣುಕಿ, "ಕಟಿಂಗ್ ಮೆಷಿನ್ನಿಗೆ ಕೊಟ್ಟು ಬೆನ್ನು ಹಾರಿಸಿಬಿಡಿ ತಾತ, ಒಂದು ನಿಮಿಷದ ಕೆಲಸ" ಎಂದ.

"ಅದು ನಡೀತಿದ್ದಿದ್ರೆ ಇಲ್ಲಿಗೆ ಯಾಕಪ್ಪ ಬರ್ತಿದ್ವಿ?" ಎಂದರು ಮಾವ.

ಸಾಲು ನಕ್ಕಿತು. ಮೇಣದಬತ್ತಿಯ ಹೆಂಗಸು, "ನನ್ನದಕ್ಕೂ ಇಂಥದ್ದೊಂದು ಹಾಕಿಕೊಡಿ, ಮಂಜೂರಾಗದಿದ್ರೆ ಮನೇಲಾದ್ರೂ ಇಟ್ಕೋತೀನಿ" ಎಂದಳು. ಆದರೆ ಮಾವ ನನ್ನ ಕಡೆ ನೋಡುತ್ತಿದ್ದರು. ಅವರು ನಕ್ಕಿರಲಿಲ್ಲ.

ಗುಮಾಸ್ತ ಒಂದು ಸ್ಟೀಲ್ ಸ್ಕೇಲು, ಪಾರ್ಸೆಲ್ ಕತ್ತರಿಸುವ ಚಾಕು ಕೊಟ್ಟ. ಮೊಗಸಾಲೆಯ ಬೆಂಚಿನ ಮೇಲೆ ಅರ್ಜಿಯನ್ನಿಟ್ಟೆವು. ಮಾವ ರಟ್ಟನ್ನು ಬೇರೆ ಮಾಡಿದರು. ಅಂಟು ಇನ್ನೂ ಪೂರಾ ಆರಿರಲಿಲ್ಲ, ಚರ್ರೆಂದು ಬಂತು. ಹೊಲಿಗೆ ಮಾತ್ರ ಬರುವ ಹಾಗಿರಲಿಲ್ಲ. ದಾರ ಎಳೆದರೆ ಹಾಳೆ ಹರಿಯುತ್ತಿತ್ತು. ಹೊಲಿಗೆಯ ಪಕ್ಕದಲ್ಲೇ ಅಂಚನ್ನು ಕೊಯ್ದು ತೆಗೆಯುವುದೊಂದೇ ದಾರಿ. ನಾಲ್ಕು ಹಾಳೆ ಕೊಯ್ಯುವಷ್ಟರಲ್ಲಿ ಅವರ ಭುಜ ನಿಂತಿತು.

"ನೀನು ಎಳಿ. ನಾನು ಸ್ಕೇಲು ಒತ್ತಿ ಹಿಡೀತೀನಿ."

ಎಳೆದೆ. "ಒತ್ತಬೇಡ, ಎಳಿ. ಚಾಕು ತಾನೇ ಇಳಿಯುತ್ತೆ" ಎಂದರು. ನಲವತ್ತೇಳು ಹಾಳೆ. ನಾನು ತುಂಬಿದ ಪುಟಗಳು, ಅಂಗಡಿಯ ಫೋಟೋ, ಮರಣ ಪ್ರಮಾಣಪತ್ರ, ಎಲ್ಲದರ ಎಡ ಅಂಚು ಕಾಲ ಬಳಿ ಸುರುಳಿಯಾಗಿ ಬೀಳುತ್ತಿತ್ತು. ಮರಣ ಪ್ರಮಾಣಪತ್ರ ಬಂದಾಗ ಮಾವನ ಬೆರಳು ಸ್ಕೇಲಿನ ಮೇಲೆ ಇನ್ನಷ್ಟು ಬೆಳ್ಳಗಾಯಿತು, ಅಷ್ಟೇ. ಅದೂ ನೆಟ್ಟಗೆ ಬಂತು. ನಾಲ್ಕಕ್ಕೆ ಆರು ನಿಮಿಷ ಇರುವಾಗ ಬಿಡಿ ಹಾಳೆಗಳನ್ನು ಕಿಟಕಿಯೊಳಗೆ ಕೊಟ್ಟೆವು. ಗುಮಾಸ್ತ ಒಂದೊಂದೇ ನುಂಗಿಸಿ ರಸೀತಿ ಕೊಟ್ಟ. ಖಾಲಿ ರಟ್ಟನ್ನು ಮಾವ ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು.

ಬಸ್ಸಿನಲ್ಲಿ ನಾಲ್ಕು ನಿಲ್ದಾಣ ಕಳೆದ ಮೇಲೆ ಕೇಳಿದರು. "ನೀನು ಓದಿದ್ದೆ, ಅಲ್ವಾ?"

"ಓದಿದ್ದೆ ಮಾವ."

"ಮತ್ತೆ ಯಾಕೆ ಹೇಳಲಿಲ್ಲ ತಾಯಿ?"

"ನೀವು ಪದ್ಯ ಹೇಳ್ತಾ ಇದ್ರಿ."

ಅವರು ಕಿಟಕಿಯ ಕಡೆ ತಿರುಗಿದರು. ಇಳಿಯುವವರೆಗೂ ತಿರುಗಿಯೇ ಇದ್ದರು.

ಐದು ವಾರಕ್ಕೆ ಕಾಗದ ಬಂತು. ಅರ್ಜಿ ಪರಿಶೀಲನೆಯಲ್ಲಿ ಸರಿಯಾಗಿ ಕಂಡಿದೆ, ಆದರೆ ಪುಟ ನಲವತ್ತೊಂದರ ಎಡ ಅಂಚಿನ ಅಕ್ಷರಗಳು ಕತ್ತರಿಸಿಹೋಗಿವೆ, ಹೊಸ ನಮೂನೆಯಲ್ಲಿ ಸಹಿ ಮಾಡಿ ಏಳು ದಿನದೊಳಗೆ ಕಳಿಸತಕ್ಕದ್ದು, ತಪ್ಪಿದರೆ ಅರ್ಜಿ ತಿರಸ್ಕೃತ ಎಂದಿತ್ತು. ನಲವತ್ತೊಂದು ಎಂದರೆ ಮುಚ್ಚಳಿಕೆ. ನಾನು ಬರೆದ ಹಾಳೆಗಳಿಗೆಲ್ಲ ಅಂಚು ಧಾರಾಳವಾಗಿ ಬಿಟ್ಟಿದ್ದೆ. ಅದೊಂದು ಅವರದೇ ಅಚ್ಚಿನ ನಮೂನೆ, ಅದಕ್ಕೆ ಅಂಚೇ ಇರಲಿಲ್ಲ.

ಹೊಸ ನಮೂನೆ ಕಾಗದದ ಜೊತೆಗೇ ಇತ್ತು. ಪೆನ್ನು ತೆಗೆದುಕೊಂಡೆ.

"ಓದು" ಎಂದರು ಮಾವ.

"ಗೊತ್ತು ಮಾವ. ಅವತ್ತೇ ಓದಿದೀನಲ್ಲ."

"ಅವತ್ತು ಹೇಗೆ ಓದಿದ್ದೆ ಅಂತ ನೋಡಿದ್ದೀನಿ. ಬಾಯಿಬಿಟ್ಟು ಓದು. ನಾನೂ ಕೇಳಬೇಕು."

ಓದಿದೆ. "ಯಂತ್ರವನ್ನು ಪಡೆದ ದಿನದಿಂದ ಐದು ವರ್ಷಗಳವರೆಗೆ ಇದೇ ವಿಳಾಸದಲ್ಲಿ ಇದೇ ಕಸುಬನ್ನು ನಾನೇ ಖುದ್ದಾಗಿ ನಡೆಸುತ್ತೇನೆಂದು..." ಅಲ್ಲಿ ನನ್ನ ದನಿ ನಿಂತಿತು. ಮೊದಲ ಸಲ ಕಣ್ಣಿನಲ್ಲಿ ದಾಟಿಹೋಗಿದ್ದ ಮಾತು ಕಿವಿಯಲ್ಲಿ ದಾಟಲಿಲ್ಲ. ನಾನೇ. ಖುದ್ದಾಗಿ.

"ಐದು ವರ್ಷಕ್ಕೆ ನಿನಗೆ ಮೂವತ್ತೊಂಬತ್ತು" ಎಂದರು.

"ನಿಮಗೆ ಎಪ್ಪತ್ತಾರು."

"ನನ್ನದು ಬಿಡು. ಇರ್ತೀನೋ ಇಲ್ವೋ. ಆಮೇಲೆ ನೀನು ಮೆಷಿನ್ ಜೊತೆ ಒಬ್ಬಳೇ. ಅವತ್ತು ನನ್ನ ಮಗಳು ಒರಟಾಗಿ ಅಂದಳು, ಆದರೆ ಸುಳ್ಳೇನಲ್ಲ. ನಿನ್ನ ಮುಂದೆ ಬದುಕಿದೆ. ನನಗೋಸ್ಕರ ಅಂತ ಸಹಿ ಹಾಕಬೇಡ. ಅವನಿಗೋಸ್ಕರ ಅಂತಾನೂ ಬೇಡ. ಹಾಕಲಿಲ್ಲ ಅಂದ್ರೂ ನಾನೇನೂ ಅಂದ್ಕೊಳ್ಳಲ್ಲ. ಮಗಳ ಮನೇಲಿ ನನಗೊಂದು ಮಂಚ ಇದೆ."

ಯಾರಿಗೋಸ್ಕರ ಎಂದು ಹುಡುಕಿದೆ. ಒಳಗೆ ಹೋಗಿ ದೀಪವಿಲ್ಲದ ಕೋಣೆಯಲ್ಲಿ ಕೈ ಚಾಚಿದ ಹಾಗೆ. ದುಃಖ ಸಿಗಲಿಲ್ಲ, ಧೈರ್ಯ ಸಿಗಲಿಲ್ಲ, ಪ್ರೀತಿಯೂ ಇದ್ದಿರಬಹುದು, ಕೈಗೆ ತಗಲಲಿಲ್ಲ. ಅಣ್ಣನ ಮನೆಯ ನಡುಕೋಣೆ ನೆನಪಾಯಿತು. ಅಲ್ಲಿ ಅತ್ತಿಗೆ ನನಗೆ ಯಾವ ಕೆಲಸವನ್ನೂ ಮಾಡಗೊಡುವುದಿಲ್ಲ, ಕೂತಿರು ಕೂತಿರು ಎನ್ನುತ್ತಾರೆ. ಹೊಲಿಗೆಯ ಪೀಠದ ಮೇಲೆ ಅರ್ಧ ಹೊಲಿದ ದಪ್ಪ ದಾಖಲೆ ಪುಸ್ತಕವೊಂದು ಬಾಯಿ ಬಿಟ್ಟುಕೊಂಡಿತ್ತು. ಅದರ ಮುಂದಿನ ಗಂಟು ಎಲ್ಲಿ ಬೀಳಬೇಕೆಂದು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

"ಎಲ್ಲಾದರೂ ಇರಲೇಬೇಕಲ್ಲ ಮಾವ, ಐದು ವರ್ಷ" ಎಂದೆ. "ಇಲ್ಲಿ ನನಗೆ ಕೆಲಸ ಗೊತ್ತು."

"ಅಷ್ಟು ಸಾಕಾ?"

"ಸದ್ಯಕ್ಕೆ ಅಷ್ಟೇ ಇದೆ."

ಅವರು ನಮೂನೆಯ ಕೆಳಗೆ ಒತ್ತಾಗಿರಲೆಂದು ಒಂದು ರಟ್ಟು ತಂದಿಟ್ಟರು. ಉಳಿದದ್ದನ್ನೂ ಗಟ್ಟಿಯಾಗಿ ಓದಿ ಮುಗಿಸಿ ಸಹಿ ಹಾಕಿದೆ. ಲಕೋಟೆಗೆ ಒಂದೇ ಒಂದು ಹಾಳೆ. ಅಂಟಿಸುವ ಮೊದಲು ಮಾವನ ಮುಂದೆ ಹಿಡಿದೆ. ಅವರು ಅದನ್ನು ಮುಟ್ಟದೆ, "ಹಾಗೇ ಕಳಿಸಮ್ಮ, ಹಾಗೇ ಕಳಿಸು" ಎಂದು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

ಮಂಜೂರಾಯಿತು. ಕೇಳಿದ್ದಕ್ಕಿಂತ ಕಡಿಮೆ, ಆದರೆ ಚಿಕ್ಕ ಮೆಷಿನ್ನಿಗೆ ಸಾಲುವಷ್ಟು. ನಾದಿನಿ ಫೋನಿನಲ್ಲಿ ಅತ್ತರು. ಗ್ರಂಥಪಾಲಕರು "ಹಾಗಿದ್ರೆ ಹೊಸ ವರ್ಷದ್ದೂ ನಿಮಗೇ" ಎಂದರು. ನಾನು ಹೌದು, ಹೌದು ಎನ್ನುತ್ತಿದ್ದೆ.

ಮೆಷಿನ್ ತರುವವರು ಹಿಂದಿನ ದಿನ ಬಂದು ಅಳತೆ ನೋಡಿದರು. ನಮ್ಮ ಬಾಗಿಲಿಗಿಂತ ಅದು ನಾಲ್ಕು ಬೆರಳು ಅಗಲ. ಬಡಗಿ ಬಂದು ಕದ ಕಳಚಿ, ಚೌಕಟ್ಟನ್ನೂ ಕಿತ್ತು ಗೋಡೆಗೆ ಒರಗಿಸಿ, ನಾಳೆ ಮತ್ತೆ ಕೂರಿಸುತ್ತೇನೆ ಎಂದು ಹೋದ. ಸಂಜೆಯವರೆಗೆ ನಾನೂ ಮಾವನೂ ಬಾಗಿಲಿಲ್ಲದ ಅಂಗಡಿಯಲ್ಲಿ ಕೂತು ಹೊಲಿದೆವು. ಬೀದಿಯ ಧೂಳು ನೇರ ಒಳಗೆ ಬರುತ್ತಿತ್ತು. ಹೋಗುವವರು ಬರುವವರು ಇಣುಕುತ್ತಿದ್ದರು. ಎದುರು ಸಾಲಿನ ಔಷಧಿ ಅಂಗಡಿಯವರು ಮನೆಗೆ ಹೊರಟವರು ನಿಂತರು.

"ಏನಮ್ಮ, ಖಾಲಿ ಮಾಡ್ತಿದ್ದೀರಾ?"

ಮಾವ ಸೂಜಿ ನಿಲ್ಲಿಸಿದರು. ಉತ್ತರ ಕೊಡಬೇಕಾದವಳು ನಾನು.

"ಇಲ್ಲ" ಎಂದೆ. "ನಾಳೆ ಮೆಷಿನ್ ಬರುತ್ತೆ. ಜಾಗ ಮಾಡ್ತಿದ್ದೀವಿ."